ಗೋಲಿಗೆ ಗಂಟಿ ಇಲ್ಲ

ಒಂದು ಗಂಟಿ ಅಂದ್ರ ನಿಲ್ಲು.
ಎರಡು, ಕೆಳಗ ಬಿಡು.
ಮೂರು, ಹುಷಾರು, ಕೇಜಿನ್ಯಾಗ ಮಂದಿ ಅದಾರ.
ಹಟ್ಟಿಯ ಹಳೇ ಶಾಫ್ಟಿನ ಬಾಯಿಗೆ
ಹತ್ತೊಂಬತ್ತು ವರ್ಷ ನಿಂತೀನಿ,
ತಗಡಿನ ಹಲಗಿ ಮ್ಯಾಲ ಇದ್ದದ್ದಷ್ಟೂ ಬಾಯಿಪಾಠ.
ಗೋಲಿಗೆ ಗಂಟಿ ಇಲ್ಲ.

ಅದಕ್ಕ ಸೀಮೆಸುಣ್ಣ.
ಮಗಳ ಕಂಪಾಸಿನಿಂದ ಎರಡು ತುಂಡು ಕದ್ದು ತಂದಿದ್ದೆ.
ಇಪ್ಪತ್ನಾಕನೇ ಲೆವೆಲ್ಲಿಗೆ ಇಳಿಯೋ
ಖಾಲಿ ಟಬ್ಬಿನ ಬೆನ್ನಿಗೆ ಬರದೆ:
"೦–೦. ಇನ್ನೂ ಏನಿಲ್ಲ."
ಕಲ್ಲು ತುಂಬಿ ಬಂದ ಟಬ್ಬಿನ ಮ್ಯಾಲ
ಮೌನೇಶನ ಸೊಟ್ಟ ಅಕ್ಷರ:
"ಏನಿಲ್ಲ ಅಂದ್ರ? ಏನರ ಇರಬೇಕಲ್ಲ."

ಈ ಹುಚ್ಚು ಹಚ್ಚಿದವ ಆರೋಗ್ಯಸ್ವಾಮಿ.
ಕೋಲಾರದ ಗಣಿ ಮುಚ್ಚಿದ ಮ್ಯಾಲ ಇಲ್ಲಿಗೆ ಬಂದ,
ಒಂದು ಟ್ರಂಕು, ಒಂದು ಚೆಂಡು.
ಬೂದಿಗುಡ್ಡದ ಬಯಲಿನ್ಯಾಗ
ನಮ್ಮ ಕ್ರಿಕೆಟ್ ಸ್ಟಂಪು ಕಿತ್ತು ಗೋಲಿನ ಕಂಬ ಮಾಡಿದ.
"ದಿನಾ ಕೈಯೇ ದುಡೀತದೆ,
ಕಾಲಿಗೂ ಸ್ವಲ್ಪ ಸಂತೋಷ ಬೇಡ್ವೇನ್ರೋ?"
ಈಗ ಅವನ ಎದಿಯೊಳಗ ಕಲ್ಲಿನ ಧೂಳು.
ಕುಂತು ನೋಡತಾನ, ಕೆಮ್ಮು ಬಿಟ್ಟಷ್ಟು ಹೊತ್ತು.

ಹಳದಿ ಅಂಗಿ ಮೌನೇಶಂದು, ಚಾಂದಪಾಷಾಂದು.
ನೀಲಿ ಅಂಗಿ ಅಮರೇಶ ಒಬ್ಬಂದ.
ಸೋತ್ರ ನನ್ನ ರೊಟ್ಟಿ ಗಂಟು ನಿಮಗ ಅಂದಿದ್ದ.
ಅವನ ಹೆಂಡ್ತಿಯ ಪುಂಡಿಪಲ್ಯ ತಿಂದವರು
ಯಾರೂ ಚೌಕಾಸಿ ಮಾಡಲಿಲ್ಲ.

ಹಾಫ್‌ಟೈಮಿಗೆ ಚಾಂದಪಾಷಾ ಕೇಳಿ ಕಳಿಸಿದ:
"ಕಪ್ಪು ಖರೇ ಬಂಗಾರದ್ದೇನು?"
"ಹೌದಂತ."
ಮುಂದಿನ ಟಬ್ಬಿಗೆ ಬಂತು:
"ಹಂಗಾದ್ರ ಅಲ್ಲೂ ಯಾರರ ಕೆಳಗ ಇಳದಾರ."

ಕೂಗು ಮೊದಲು ಕಾಲನಿಯಿಂದ ಬರತೈತಿ,
ಡಿಶ್ ಇದ್ದವರ ಮನಿಯಿಂದ.
ಡಬ್ಬಿಗೆ ಆನಿಸಿಟ್ಟ ನನ್ನ ಫೋನಿನ್ಯಾಗ
ಆ ಹುಡುಗ ಇನ್ನೂ ಅರ್ಧ ಮೈದಾನದಾಗ ಓಡತಿರತಾನ,
ತಾನು ಗೋಲು ಹೊಡದದ್ದು
ತನಗ ಗೊತ್ತಿಲ್ಲದಂಗ.
ಕೆಳಗಿನವರಿಗೆ ಅವ ಬೂಟಿನ ದಾರಾನೂ ಕಟ್ಟಿಲ್ಲ.

ಎಂಬತ್ತೊಂಬತ್ತನೇ ನಿಮಿಷ.
ಕಾಲನಿ ಒದರಿತು, ಆಮ್ಯಾಲ ಫೋನು.
೧೧೭ನೇ ಟಬ್ಬು ಕೇಜಿನ್ಯಾಗಿತ್ತು, ಓಡಿ ಬರದೆ:
"೨–೧ ಹಳದಿ!!!"
ಎರಡು ಗಂಟಿ. ಹಗ್ಗ ಇಳೀತು.

ಅಷ್ಟರಾಗ ರೆಫ್ರಿ ಕಿವಿಗೆ ಬಟ್ಟಿಟ್ಟು ನಿಂತ.
ಬದಿಗಿದ್ದ ಸಣ್ಣ ಟೀವಿ ನೋಡಿ ಬಂದ.
ಗಾಳಿಯೊಳಗ ಒಂದು ಚೌಕ ಬರದ.
ಮೊಣಕಾಲಷ್ಟು ಮುಂದಿದ್ದನಂತ.
ಚಾ ತಂದ ಶರಣಮ್ಮ ಬಗ್ಗಿ ನೋಡಿ,
"ಹುಟ್ಟಿದ ಕೂಸು
ತಿರಗಿ ಹೊಟ್ಟ್ಯಾಗ ಹೋಗತೈತೇನು?" ಅಂದ್ಲು.

ಗಾಳಿ ಪೈಪಿನ ಮ್ಯಾಲ ಅಂಗೈ ಇಟ್ಟೆ.
ಮೊದಲು ಬರೇ ತಂಪು.
ಆಮ್ಯಾಲ ಸಣ್ಣಗ, ಚಳಿಜ್ವರದವರ ಹಲ್ಲಿನಂಗ
ಪೈಪು ನಡುಗಿತು.
ಸ್ಪ್ಯಾನರಿನಿಂದ ಬಡೀತಿದ್ರು ಕೆಳಗ.
ಎರಡೂವರೆ ಸಾವಿರ ಅಡಿ
ಕಬ್ಬಿಣ ಹತ್ತಿ ಬಂತು
ಇಲ್ಲದ ಗೋಲಿನ ಖುಷಿ.

ಹಿಂದ ಬಿನ್ನು ತುಂಬೇತಂತ ಟಬ್ಬು ನಿಂತವು, ಒಂದು ತಾಸು.
ಹೆಚ್ಚಿನ ಆಟ ಆತು. ಪೆನಾಲ್ಟಿ ಆತು.
ಹಳದಿಯ ಐದನೆಯವ ಆಕಾಶಕ್ಕ ಹೊಡದ.
ಲೆವೆಲ್ಲಿಗೆ ಒಂದು ಕರಿ ಫೋನು ಐತಿ,
ಹಿಡಿ ತಿರುವಿದ್ರ ಸಾಕು.
ಅದು ಅಪಘಾತಕ್ಕ ಇಟ್ಟದ್ದು ಅಂತ
ನನಗ ನಾನ ಹೇಳಿಕೊಂಡೆ.
ಟಬ್ಬು ಮತ್ತ ಹೊಂಟಾಗ
ಖಾಲಿ ಬೆನ್ನಿನಿಂದನ ಕಳಿಸಿದೆ.
ಸೀಮೆಸುಣ್ಣ ಕಿಸೆಯೊಳಗ ಪುಡಿಯಾತು.

ಮುಂಜಾನೆ ಮೂರು ಗಂಟಿ.
ಬಾಗಿಲು ತಗದೆ.
ಕಲ್ಲಬಣ್ಣದ ಮುಖದಾಗ ಹಲ್ಲಷ್ಟ ಬಿಳಿ,
ಮೌನೇಶನ ಮೀಸಿಗೆ ಪುಂಡಿಪಲ್ಯ.
"ಸೋತ್ವಿ" ಅಂದೆ.
"ಯಾವಾಗ?" ಅಂದ.

ಯಾವಾಗ ಅಂತ ಹೇಳಲಿ.
ಹಿಂದ ನಿಂತ ಅಮರೇಶ ಒಂದು ಗಳಿಗಿ ಸುಮ್ಮನಿದ್ದ,
ಆಮ್ಯಾಲ ಖಾಲಿ ಡಬ್ಬಿ ಎತ್ತಿ ಅಲುಗಾಡಿಸಿದ:
"ನನ್ನ ರೊಟ್ಟಿ?"